ಕ್ಲಾಕ್ ಕೂದಲೆಳೆಯಷ್ಟು ತಪ್ಪಿದರೆ

ಪ್ರಶ್ನೆ: ವಿಡಿಯೊ ಸಿಗ್ನಲ್ ಹಿಡಿಯುವ ನಮ್ಮ ಬೋರ್ಡಿನ ಡ್ರೈವರ್ 1080ಪಿ ಸಿಗ್ನಲ್ಲಿನ ಪಿಕ್ಸೆಲ್ ಕ್ಲಾಕನ್ನು (ಸೆಕೆಂಡಿಗೆ ಎಷ್ಟು ಪಿಕ್ಸೆಲ್ ಎಂಬ ಲೆಕ್ಕ) 148.35 ಮೆಗಾಹರ್ಟ್ಸ್ ಎಂದು ಅಳೆಯುತ್ತದೆ, ಪ್ರಮಾಣಿತ ಟೈಮಿಂಗ್‌ಗಳ ಪಟ್ಟಿಯಲ್ಲಿರುವುದು 148.5. ಟೈಮಿಂಗ್ ಹೊಂದುತ್ತಿಲ್ಲ, ಏನು ಮಾಡಲಿ?
– ಓದುಗರೊಬ್ಬರು, ಸಾಗರ

ಉತ್ತರ: ಕ್ಲಾಕನ್ನು ಸರಿಸಮ ಹೋಲಿಸಿದ್ದೇ ತೊಂದರೆ. ಅಡಿಕೆ ತೂಗುವಾಗಲೂ ತಕ್ಕಡಿಗೆ ಒಂದಿಷ್ಟು ಬಿಡುತ್ತೀರಲ್ಲ! ಚಿತ್ರದ ಅಗಲ, ಎತ್ತರ, ಸಿಂಕ್ (ಸಾಲು, ಚಿತ್ರಗಳ ಹೊಂದಾಣಿಕೆಯ ಸಂಕೇತ), ಪೋರ್ಚ್ (ಅದರ ಹಿಂದುಮುಂದಿನ ಖಾಲಿ ಜಾಗ) ಚಾಚೂ ತಪ್ಪದೆ ಹೊಂದಲಿ. ಸಡಿಲಿಕೆ ಕ್ಲಾಕಿಗೆ ಮಾತ್ರ.

ಖಾಲಿ ಜಾಗವೂ ಸೇರಿ ಸಾಲಿಗೆ 2200 ಪಿಕ್ಸೆಲ್, ಚಿತ್ರಕ್ಕೆ 1125 ಸಾಲು, ಸೆಕೆಂಡಿಗೆ 60 ಚಿತ್ರ: 2200 × 1125 × 60 ಎಂದರೆ 148.5 ಮೆಗಾಹರ್ಟ್ಸ್. ನಿಮ್ಮ ಮೂಲ ಬಹುಶಃ 59.94 ಹರ್ಟ್ಸಿನದು: 1.001ರಿಂದ ಭಾಗಿಸಿದರೆ 148.352. ಅಂತರ ಸುಮಾರು 148 ಕಿಲೋಹರ್ಟ್ಸ್. ಲಿನಕ್ಸಿನ ವಿಡಿಯೊ ವ್ಯವಸ್ಥೆಯಾದ ವಿ4ಎಲ್2ರ ಹಲವು ಡ್ರೈವರ್‌ಗಳು 250 ಕಿಲೋಹರ್ಟ್ಸ್ ಸಡಿಲ ಬಿಡುತ್ತವೆ, ಅಷ್ಟು ಸಾಕು. ಆದರೆ ಅಷ್ಟು ಸಡಿಲ ಬಿಟ್ಟರೆ 60 ಮತ್ತು 59.94 ಒಂದೇ ಆಗಿ ಕಾಣುತ್ತವೆ. ಆದ್ದರಿಂದ ಹೊಂದಿದ ಮೇಲೆ ಅಳೆದ ಕ್ಲಾಕ್ ಎರಡರಲ್ಲಿ ಯಾವುದಕ್ಕೆ ಹತ್ತಿರವೆಂದು ನೋಡಿ, ಅದನ್ನೇ ಆರಿಸಿ. 640 × 480ರ 25.175 ಮೆಗಾಹರ್ಟ್ಸಿಗೆ ಅದೇ 250 ಕಿಲೋಹರ್ಟ್ಸ್ ಸುಮಾರು ಶೇ. 1 ಆಗುತ್ತದೆ, ಅಲ್ಲಿ ಶೇಕಡಾವಾರು ಮಿತಿಯೇ ಲೇಸು.