ಹಿಮದ ಚಿತ್ರದಲ್ಲಿರುವುದು ವಿಷಾದವೋ, ಉಲ್ಲಾಸವೋ?

ಪ್ರಶ್ನೆ: ಹದಿನಾರನೆಯ ಶತಮಾನದ ನೆದರ್‌ಲ್ಯಾಂಡ್ಸ್ ಸೀಮೆಯ ಚಿತ್ರಕಾರ ಪೀಟರ್ ಬ್ರೂಗಲ್‌ನ ‘ಹಿಮದಲ್ಲಿ ಬೇಟೆಗಾರರು’ ಚಿತ್ರವನ್ನು ನೋಡಿದಾಗಲೆಲ್ಲ ನನ್ನ ಮನಸ್ಸು ಭಾರವಾಗುತ್ತದೆ. ನಮ್ಮ ಅಕ್ಕನಿಗೆ ಅದೇ ಚಿತ್ರ ಉಲ್ಲಾಸದ್ದಾಗಿ ತೋರುತ್ತದೆ. ಮರದ ಮೇಲಿನ ಕಪ್ಪು ಹಕ್ಕಿಗಳು ಸಾವಿನ ಸಂಕೇತವೆಂದು ಕೆಲವರು ಹೇಳುತ್ತಾರೆ. ಇಂಥ ನಿಸರ್ಗಚಿತ್ರದ ಭಾವವನ್ನು ಗ್ರಹಿಸುವುದು ಹೇಗೆ?
– ಓದುಗರೊಬ್ಬರು, ಧಾರವಾಡ

ಉತ್ತರ: ನೀವಿಬ್ಬರೂ ಒಂದೇ ಚಿತ್ರದ ಬೇರೆ ಬೇರೆ ಭಾಗಗಳಲ್ಲಿ ನಿಂತು ನೋಡುತ್ತಿದ್ದೀರಿ ಎಂದು ನನಗನ್ನಿಸುತ್ತದೆ. ಎಡಬದಿಯ ದಿಬ್ಬದ ಮೇಲೆ ಮೂವರು ಬೇಟೆಗಾರರು ನಮಗೆ ಬೆನ್ನು ಮಾಡಿ, ತಲೆ ತಗ್ಗಿಸಿ ನಡೆಯುತ್ತಿದ್ದಾರೆ. ಅವರ ಮುಖ ನಮಗೆ ಕಾಣುವುದಿಲ್ಲ. ಆದರೂ ಬಾಗಿದ ಬೆನ್ನು, ಹಿಮದಲ್ಲಿ ಹೂತ ಹೆಜ್ಜೆ, ಸೋತು ಹಿಂಬಾಲಿಸುವ ನಾಯಿಗಳು ಮತ್ತು ಒಬ್ಬನ ಹೆಗಲ ಕೋಲಿಗೆ ತೂಗುಬಿದ್ದ ಒಂದೇ ಒಂದು ನರಿ, ಇವಿಷ್ಟೇ ಆ ದಿನದ ಬೇಟೆ ಹೇಗಿತ್ತೆಂಬುದನ್ನು ತಿಳಿಸಿಬಿಡುತ್ತವೆ. ಪಕ್ಕದ ಛತ್ರದ ಫಲಕವೂ ಒಂದೇ ಕೊಂಡಿಯಲ್ಲಿ ವಾಲಿ ನೇತಾಡುತ್ತಿದೆ. ನಿಮ್ಮ ವಿಷಾದಕ್ಕೆ ಇಲ್ಲಿ ಗಟ್ಟಿ ಆಧಾರವಿದೆ.

ಆದರೆ ಬ್ರೂಗಲ್ ನಮ್ಮ ಕಣ್ಣನ್ನು ಅಲ್ಲೇ ನಿಲ್ಲಗೊಡುವುದಿಲ್ಲ. ಸಾಲಾಗಿ ನಿಂತ ಬೋಳು ಮರಗಳು ನೋಟವನ್ನು ಇಳಿಜಾರಿನಗುಂಟ ಕೆಳಗಿನ ಕಣಿವೆಗೆ ಒಯ್ಯುತ್ತವೆ; ಅಲ್ಲಿ ಹೆಪ್ಪುಗಟ್ಟಿದ ಕೊಳಗಳ ಮೇಲೆ ಜನರು ಜಾರುತ್ತ, ಬೀಳುತ್ತ, ಆಡುತ್ತ ಇದ್ದಾರೆ. ನಿಮ್ಮ ಅಕ್ಕ ಕಂಡ ಉಲ್ಲಾಸ ಇದೇ. ಗಮನಿಸಬೇಕಾದ ಸಂಗತಿಯೆಂದರೆ, ಆಕಾಶಕ್ಕೂ ಮಂಜುಗಡ್ಡೆಗೂ ಅವನು ಹೆಚ್ಚುಕಡಿಮೆ ಒಂದೇ ಹಸಿರುಬೂದು ಬಣ್ಣವನ್ನು ಬಳಿದಿದ್ದಾನೆ. ದಣಿವು ಮತ್ತು ಆಟಗಳೆರಡನ್ನೂ ಆವರಿಸಿಕೊಂಡ ಈ ತಣ್ಣನೆಯ ಬಣ್ಣವೇ ಚಿತ್ರದ ಸ್ಥಾಯಿ, ಎಂದರೆ ಉದ್ದಕ್ಕೂ ನೆಲೆನಿಲ್ಲುವ ಭಾವ, ಎಂದು ನಾನು ಭಾವಿಸುತ್ತೇನೆ; ವಿಷಾದ, ಉಲ್ಲಾಸಗಳು ಅದರ ಮೇಲೆ ಬಂದುಹೋಗುವ ಸಂಚಾರಿಗಳು.

ಹಿನ್ನೆಲೆಯ ಕಡಿದಾದ ಬೆಟ್ಟಗಳು ಬ್ರೂಗಲ್ ಬದುಕಿದ್ದ ಸಮತಟ್ಟಾದ ನಾಡಿನವಲ್ಲ. 1550ರ ದಶಕದಲ್ಲಿ ಇಟಲಿಗೆ ಹೋಗಿಬಂದಾಗ ಅವನು ಕಂಡ ಆಲ್ಪ್ಸ್ ಪರ್ವತಗಳ ನೆನಪು ಅಲ್ಲಿದೆ. ಎಂದರೆ ಇದು ಯಾವುದೋ ಒಂದು ಊರಿನ ಯಥಾವತ್ ನೋಟವಲ್ಲ, ಚಳಿಗಾಲವೆಂಬ ಋತುವನ್ನೇ ಹಿಡಿದಿಡಲು ಕಟ್ಟಿದ ಲೋಕ. ಆಂಟ್‌ವರ್ಪಿನ ವರ್ತಕ ನಿಕೊಲಾಸ್ ಯೊಂಗೆಲಿಂಕ್‌ಗಾಗಿ 1565ರಲ್ಲಿ ರಚಿಸಿದ ಋತುಚಿತ್ರಮಾಲೆಯಲ್ಲಿ ಇದೂ ಒಂದು. ಉಳಿದಿರುವ ಐದರಲ್ಲಿ ಇದೂ ಸೇರಿ ಮೂರು ವಿಯೆನ್ನಾದಲ್ಲಿವೆ. ಹುಲ್ಲು ಕೊಯ್ಲಿನ ಚಿತ್ರ ಪ್ರಾಗ್‌ನಲ್ಲಿ, ಬೆಳೆ ಕೊಯ್ಲಿನದು ನ್ಯೂಯಾರ್ಕ್‌ನಲ್ಲಿದೆ. ಬಿಸಿಲಿಗೆ ಹೊಂಬಣ್ಣವಾದ ಹೊಲದಲ್ಲಿ ಕೆಲಸಗಾರರು ಉಣ್ಣುವ, ಮರದಡಿ ಮೈಚೆಲ್ಲಿ ಮಲಗಿರುವ ಆ ಕೊಯ್ಲಿನ ಚಿತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಇಲ್ಲಿಯ ಚಳಿ ವರ್ಷದ ಸುತ್ತಿನಲ್ಲಿ ಒಂದು ಘಟ್ಟವಾಗಿ ಕಾಣತೊಡಗುತ್ತದೆ.

ಇನ್ನು ಹಕ್ಕಿಗಳ ವಿಚಾರ. ಅವನ್ನು ಸಾವಿನ ಸಂಕೇತವೆಂದು ಓದಲು ಚಿತ್ರದೊಳಗೆ ಬೇರೆ ಪುಷ್ಟಿ ನನಗೆ ಸಿಗುವುದಿಲ್ಲ. ಅವುಗಳಲ್ಲೊಂದು ರೆಕ್ಕೆ ಚಾಚಿ ಕಣಿವೆಯ ಮೇಲೆ ತೇಲುತ್ತಿದೆ. ದಿಬ್ಬದಿಂದ ಕೆಳಗಿನ ಬಯಲು ಎಷ್ಟು ಆಳದಲ್ಲಿದೆ ಎಂಬುದು ನಮ್ಮ ಅರಿವಿಗೆ ಬರುವುದು ಆ ಹಕ್ಕಿಯಿಂದಲೇ. ಅದರ ಮೊದಲ ಕೆಲಸ ಅದು.