ರಕ್ತದ ಕಬ್ಬಿಣಕ್ಕೆ ಮ್ಯಾಗ್ನೆಟ್ ಹಿಡಿಯುತ್ತಾ?

ಓದುಗರ ಪ್ರಶ್ನೆ, ಕೆಮಿಸ್ಟ್ರಿ ಮೇಡಂ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಕೆಲವನ್ನು ಒಟ್ಟಿಗೆ ಎತ್ತಿಟ್ಟುಕೊಂಡಿದ್ದೇನೆ. ನೋಡೋಕೆ ಒಂದಕ್ಕೊಂದು ಸಂಬಂಧವೇ ಇಲ್ಲ. ಒಂದು ಕಡಗದ ಬಗ್ಗೆ, ಇನ್ನೊಂದು ಶೇಂಗಾ ಬೇರಿನ ಬಗ್ಗೆ, ಮತ್ತೊಂದು ಗ್ಯಾಸ್ ಗೀಸರ್ ಬಗ್ಗೆ. ಆದರೆ ಎಲ್ಲದರ ಹಿಂದೆಯೂ ಇರೋದು ಒಂದೇ ಬಗೆಯ ಅಣು: ಪಾರ್ಫಿರಿನ್ ಅನ್ನೋ ಚಪ್ಪಟೆ ಉಂಗುರ, ಅದರ ನಡುವೆ ಒಂದು ಕಬ್ಬಿಣದ ಪರಮಾಣು. ನನ್ನ ಸಂಶೋಧನೆಯ ವರ್ಷಗಳೆಲ್ಲ ಕಳೆದದ್ದು ಇದರ ಜೊತೆಗೇ. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ನಮ್ಮ ತಂದೆ ಯಾರೋ ಹೇಳಿದರು ಅಂತ ಮ್ಯಾಗ್ನೆಟ್ ಕಡಗ ತರಿಸಿ ಹಾಕಿಕೊಂಡಿದ್ದಾರೆ. ರಕ್ತದಲ್ಲಿ ಕಬ್ಬಿಣ ಇದೆಯಲ್ಲ, ಮ್ಯಾಗ್ನೆಟ್ ಅದನ್ನು ಎಳೆಯುತ್ತೆ, ರಕ್ತ ಚೆನ್ನಾಗಿ ಓಡುತ್ತೆ ಅಂತಾರೆ. ನಿಜವಾ ಮೇಡಂ?
*ಓದುಗರು, ದಾವಣಗೆರೆ*

ನಿಜ ಅಲ್ಲ. ರಕ್ತದಲ್ಲಿ ಕಬ್ಬಿಣ ಇರೋದು ನಿಜ, ಆದರೆ ಅದು ಮೊಳೆಯಲ್ಲಿರೋ ಹಾಗೆ ಇಲ್ಲ. ಮೊಳೆಯಲ್ಲಿ ಕೋಟಿಗಟ್ಟಲೆ ಕಬ್ಬಿಣದ ಪರಮಾಣುಗಳು ಅಕ್ಕಪಕ್ಕ ಕೂತು ಒಂದೇ ದಿಕ್ಕಿಗೆ ತಿರುಗುತ್ತವೆ. ಅದಕ್ಕೇ ಅದು ಟಕ್ ಅಂತ ಅಂಟುತ್ತೆ. ರಕ್ತದ ಕಬ್ಬಿಣ ಹೆಚ್ಚಾಗಿ ಇರೋದು ಆಕ್ಸಿಜನ್ ಹೊರುವ ಹಿಮೋಗ್ಲೋಬಿನ್ ಅನ್ನೋ ಪ್ರೋಟೀನಿನಲ್ಲಿ. ಅದರ ಒಂದು ಅಣುವಿನಲ್ಲಿ 574 ಅಮೈನೋ ಆಮ್ಲಗಳಿವೆ, ಕಬ್ಬಿಣದ ಪರಮಾಣು ನಾಲ್ಕೇ ನಾಲ್ಕು. ಒಂದೊಂದೂ ತನ್ನ ಉಂಗುರದೊಳಗೆ ಒಂಟಿಯಾಗಿ, ಇನ್ನೊಂದರಿಂದ ದೂರ ಕೂತಿದೆ.

ಈ ಪ್ರಶ್ನೆ ಹೊಸದೂ ಅಲ್ಲ. 1845ರಲ್ಲಿ ಮೈಕೆಲ್ ಫ್ಯಾರಡೆ ಒಣಗಿದ ರಕ್ತವನ್ನು ಮ್ಯಾಗ್ನೆಟ್ ಹತ್ತಿರ ಹಿಡಿದು ನೋಡಿದ್ದರು. ಅದು ಎಳೆತಕ್ಕೆ ಬರಲಿಲ್ಲ. ಹಸಿ ರಕ್ತದಲ್ಲೂ ನೋಡಬೇಕು ಅಂತ ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟರು. ಅದನ್ನು ಸರಿಯಾಗಿ ಅಳೆದದ್ದು 1936ರಲ್ಲಿ, ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೋರಿಯೆಲ್. ಅವರಿಗೆ ಸಿಕ್ಕಿದ್ದು ಎಂಥ ಚಂದದ ಫಲಿತಾಂಶ ನೋಡಿ. ಆಕ್ಸಿಜನ್ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಮ್ಯಾಗ್ನೆಟ್ ಕಡೆಗೆ ಬಹಳ ಸಣ್ಣದಾಗಿ ವಾಲುತ್ತೆ. ಅದರ ಒಂದೊಂದು ಕಬ್ಬಿಣದಲ್ಲೂ ಜೋಡಿ ಇಲ್ಲದ ನಾಲ್ಕು ಎಲೆಕ್ಟ್ರಾನ್ ಇವೆ, ಮ್ಯಾಗ್ನೆಟ್ ಕಡೆಗೆ ಎಳೆತ ಬರೋದು ಇಂಥ ಒಂಟಿ ಎಲೆಕ್ಟ್ರಾನ್ ಇದ್ದರೇನೇ. ಆಕ್ಸಿಜನ್ ಹಿಡಿದ ಹಿಮೋಗ್ಲೋಬಿನ್‌ನಲ್ಲಿ ಒಂಟಿ ಎಲೆಕ್ಟ್ರಾನ್ ಒಂದೂ ಇಲ್ಲ. ಅದನ್ನು ಮ್ಯಾಗ್ನೆಟ್ ಎಳೆಯೋದೇ ಇಲ್ಲ, ತುಸು ದೂರ ತಳ್ಳುತ್ತೆ.

ಈ ಸಣ್ಣ ವ್ಯತ್ಯಾಸದಿಂದ ಕಡಗಕ್ಕೆ ಉಪಯೋಗ ಇಲ್ಲ. ಆದರೆ ವೈದ್ಯರಿಗೆ ದೊಡ್ಡ ಉಪಯೋಗ ಇದೆ. 1990ರಲ್ಲಿ ಸೇಜಿ ಒಗಾವಾ ಇದನ್ನೇ ಹಿಡಿದುಕೊಂಡು ಎಂಆರ್‌ಐ ಯಂತ್ರದಲ್ಲಿ ಮಿದುಳಿನ ಯಾವ ಭಾಗ ಕೆಲಸ ಮಾಡ್ತಿದೆ ಅಂತ ನೋಡುವ ದಾರಿ ತೋರಿಸಿದರು. ಕೆಲಸ ಮಾಡುವ ಭಾಗಕ್ಕೆ ಆಕ್ಸಿಜನ್ ತುಂಬಿದ ರಕ್ತ ಜಾಸ್ತಿ ಬರುತ್ತೆ, ಅಲ್ಲಿನ ಸಿಗ್ನಲ್ ಬದಲಾಗುತ್ತೆ. ಆ ಯಂತ್ರಗಳ ಮ್ಯಾಗ್ನೆಟ್ 1.5 ಅಥವಾ 3 ಟೆಸ್ಲಾದ್ದು. ಅಷ್ಟು ಶಕ್ತಿಯ ಮ್ಯಾಗ್ನೆಟ್ ಒಳಗೆ ಮಲಗಿದವರ ರಕ್ತವೇ ತನ್ನ ಪಾಡಿಗೆ ಓಡುತ್ತಿರುತ್ತೆ. ಕಡಗ ಏನು ಮಾಡೀತು? ನಿಮ್ಮ ತಂದೆಗೆ ಕೈಕಾಲು ಜೋಮು ಹಿಡಿಯುತ್ತೆ ಅಂತ ಹಾಕಿಕೊಂಡಿದ್ದರೆ ದಯವಿಟ್ಟು ಸಕ್ಕರೆ ಕಾಯಿಲೆಗೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ.

ನಮ್ಮ ಪುಸ್ತಕದಲ್ಲಿ ಹಿಮೋಗ್ಲೋಬಿನ್ ಆಕ್ಸಿಜನ್ ಹಿಡಿದ ಮೇಲೂ ಕಬ್ಬಿಣ ಫೆರಸ್ ಆಗಿಯೇ ಇರುತ್ತೆ ಅಂತ ಇದೆ. ಹೊರಗೆ ಇಟ್ಟ ಕಬ್ಬಿಣ ಆಕ್ಸಿಜನ್ ತಾಗಿದರೆ ತುಕ್ಕು ಹಿಡಿಯುತ್ತೆ. ರಕ್ತದಲ್ಲಿ ಯಾಕೆ ಹಿಡಿಯಲ್ಲ? ಲೆಕ್ಚರರ್ ಅವರನ್ನು ಕೇಳಿದರೆ ಪರೀಕ್ಷೆಗೆ ಇಷ್ಟು ಸಾಕು ಅಂದರು.
*ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಶಿರಸಿ*

ಪರೀಕ್ಷೆಗೆ ಸಾಕು ಮಗಳೇ, ಆದರೆ ನಿನಗೆ ಸಾಲದು. ನೀನು ಕೇಳಿದ್ದನ್ನೇ ಇಟ್ಟುಕೊಂಡು ದೊಡ್ಡ ದೊಡ್ಡವರು ದಶಕಗಳ ಕಾಲ ವಾದ ಮಾಡಿದ್ದಾರೆ.

ಮೊದಲು ರಚನೆ. ನಾಲ್ಕು ಪೈರೋಲ್ ಉಂಗುರಗಳು ಸೇರಿ ಒಂದು ದೊಡ್ಡ ಉಂಗುರ. ನಡುವಿನ ತೂತಿಗೆ ನಾಲ್ಕು ನೈಟ್ರೋಜನ್ ಮುಖ ಮಾಡಿ ಕೂತಿವೆ. ಆ ನಾಲ್ಕೂ ಕಬ್ಬಿಣವನ್ನು ಹಿಡಿದುಕೊಳ್ಳುತ್ತವೆ. ಕಬ್ಬಿಣಕ್ಕೆ ಇನ್ನೂ ಎರಡು ಕಡೆ ಜಾಗ ಉಳಿಯುತ್ತೆ: ಉಂಗುರದ ಕೆಳಗೆ ಒಂದು, ಮೇಲೆ ಒಂದು. ಹಿಮೋಗ್ಲೋಬಿನ್ನಿನಲ್ಲಿ ಕೆಳಗಿನ ಜಾಗದಲ್ಲಿ ಹಿಸ್ಟಿಡಿನ್ ಅನ್ನೋ ಅಮೈನೋ ಆಮ್ಲದ ನೈಟ್ರೋಜನ್ ಇದೆ. ಮೇಲಿನ ಜಾಗ ಖಾಲಿ. ಆಕ್ಸಿಜನ್ ಬಂದು ಕೂರೋದು ಅಲ್ಲಿ.

ಈಗ ಎಲೆಕ್ಟ್ರಾನ್ ಲೆಕ್ಕ. ಫೆರಸ್ ಅಂದರೆ ಎರಡು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ, ಮೂರು ಕಳೆದುಕೊಂಡರೆ ಫೆರಿಕ್. ಫೆರಸ್ ಕಬ್ಬಿಣಕ್ಕೆ ಹೊರಗಿನ ಆರು ಡಿ ಎಲೆಕ್ಟ್ರಾನ್, ಅವು ಕೂರೋಕೆ ಐದು ಡಿ ಆರ್ಬಿಟಲ್, ಅಂದರೆ ಐದು ಮನೆ. ಮೇಲಿನ ಜಾಗ ಖಾಲಿ ಇದ್ದಾಗ ಎಲೆಕ್ಟ್ರಾನ್‌ಗಳು ಐದರಲ್ಲೂ ಹರಡಿಕೊಳ್ಳುತ್ತವೆ. ಒಂದು ಜೋಡಿ, ನಾಲ್ಕು ಒಂಟಿ. ಇದಕ್ಕೆ ಹೈ ಸ್ಪಿನ್ ಅಂತೀವಿ. ಹಾಗೆ ಹರಡಿದಾಗ ಒಂದು ಎಲೆಕ್ಟ್ರಾನ್ ನೇರವಾಗಿ ಉಂಗುರದ ನೈಟ್ರೋಜನ್‌ಗಳ ಕಡೆಗೇ ಚಾಚಿರೋ ಆರ್ಬಿಟಲ್‌ನಲ್ಲಿ ಕೂರಬೇಕಾಗುತ್ತೆ. ಅದು ನೈಟ್ರೋಜನ್‌ಗಳನ್ನು ದೂರ ತಳ್ಳುತ್ತೆ. ಕಬ್ಬಿಣ ದಪ್ಪಗಾದ ಹಾಗೆ. ಉಂಗುರದ ತೂತಿಗೆ ಸರಿಯಾಗಿ ಹಿಡಿಸೋದಿಲ್ಲ, ಸುಮಾರು 0.4 ಆಂಗ್‌ಸ್ಟ್ರಾಮ್‌ನಷ್ಟು ಕೆಳಗೆ, ಹಿಸ್ಟಿಡಿನ್ ಕಡೆಗೆ ಜಾರಿ ಕೂತಿರುತ್ತೆ. ಒಂದು ಆಂಗ್‌ಸ್ಟ್ರಾಮ್ ಅಂದರೆ ಸೆಂಟಿಮೀಟರಿನ ಹತ್ತು ಕೋಟಿಯ ಒಂದು ಭಾಗ.

ಆಕ್ಸಿಜನ್ ಮೇಲೆ ಬಂದು ಕೂತ ತಕ್ಷಣ ಲೆಕ್ಕ ಬದಲಾಗುತ್ತೆ. ಆ ಆರ್ಬಿಟಲ್ ಖಾಲಿಯಾಗುತ್ತೆ, ಎಲೆಕ್ಟ್ರಾನ್‌ಗಳು ಕಡಿಮೆ ಶಕ್ತಿಯ ಮೂರು ಆರ್ಬಿಟಲ್‌ಗಳಿಗೆ ಬಂದು ಸೇರುತ್ತವೆ. ಇದು ಲೋ ಸ್ಪಿನ್. ಕೈ ಮಡಚಿ ಸಣ್ಣದು ಮಾಡಿದರೆ ಬಿಗಿ ಬಳೆ ಏರುತ್ತಲ್ಲ, ಹಾಗೆ ಕಬ್ಬಿಣ ಉಂಗುರದ ಒಳಕ್ಕೆ ಏರುತ್ತೆ. ಏರುವಾಗ ಕೆಳಗಿನ ಹಿಸ್ಟಿಡಿನ್ ಅನ್ನೂ ಎಳೆದುಕೊಂಡು ಹೋಗುತ್ತೆ. ಹಿಸ್ಟಿಡಿನ್ ಜೊತೆ ಅದು ಸೇರಿರೋ ಪ್ರೋಟೀನ್ ಸುರುಳಿ ಜರುಗುತ್ತೆ. ಅದರಿಂದ ಪಕ್ಕದ ಮೂರು ಹೀಮ್‌ಗಳಿಗೆ (ಕಬ್ಬಿಣ ಸಮೇತ ಇರೋ ಈ ಉಂಗುರಕ್ಕೆ ಹೀಮ್ ಅಂತೀವಿ) ಆಕ್ಸಿಜನ್ ಹಿಡಿಯೋದು ಸುಲಭ ಆಗುತ್ತೆ. ಹಿಮೋಗ್ಲೋಬಿನ್ನಿನ ರಚನೆ ಬಿಡಿಸಿದ್ದಕ್ಕೆ 1962ರಲ್ಲಿ ನೊಬೆಲ್ ಪಡೆದ ಮ್ಯಾಕ್ಸ್ ಪೆರುಟ್ಸ್ ಈ ಕಾರ್ಯವಿಧಾನವನ್ನು ಮುಂದಿಟ್ಟದ್ದು 1970ರಲ್ಲಿ. ಇಷ್ಟು ಸಣ್ಣ ಕದಲಿಕೆ ಒಂದು ದೊಡ್ಡ ಪ್ರೋಟೀನಿನ ಸ್ವಭಾವವನ್ನೇ ತಿರುಗಿಸುತ್ತೆ. ಎಷ್ಟು ಸಲ ಪಾಠ ಮಾಡಿದರೂ ನನಗೆ ಇದು ಹಳೆಯದಾಗಿಲ್ಲ.

ಇನ್ನು ಫೆರಸ್ಸಾ, ಫೆರಿಕ್ಕಾ ಅನ್ನೋ ವಾದ. ಆಕ್ಸಿಜನ್ ಅಣುವಿಗೂ ಎರಡು ಒಂಟಿ ಎಲೆಕ್ಟ್ರಾನ್ ಇವೆ. ಕಬ್ಬಿಣಕ್ಕೆ ನಾಲ್ಕು. ಎರಡೂ ಸೇರಿದ ಮೇಲೆ ಒಂದೂ ಉಳಿಯಲ್ಲ ಅಂದರೆ ಹೇಗೆ? ಪಾಲಿಂಗ್ ಹೇಳಿದ್ದು: ಕಬ್ಬಿಣ ಫೆರಸ್ಸೇ, ಎರಡೂ ಕಡೆ ಎಲೆಕ್ಟ್ರಾನ್‌ಗಳು ತಮ್ಮ ತಮ್ಮಲ್ಲೇ ಜೋಡಿಯಾದವು. 1964ರಲ್ಲಿ ಜೋಸೆಫ್ ವೈಸ್ ಬೇರೆ ಚಿತ್ರ ಕೊಟ್ಟರು: ಕಬ್ಬಿಣ ಒಂದು ಎಲೆಕ್ಟ್ರಾನನ್ನು ಆಕ್ಸಿಜನ್‌ಗೆ ಕೊಟ್ಟು ಫೆರಿಕ್ ಆಯಿತು, ಆಕ್ಸಿಜನ್ ಸೂಪರಾಕ್ಸೈಡ್ ಆಯಿತು, ಇಬ್ಬರಲ್ಲೂ ಉಳಿದ ಒಂದೊಂದು ಒಂಟಿ ಎಲೆಕ್ಟ್ರಾನ್ ಎದುರುಬದುರು ನಿಂತು ಒಂದನ್ನೊಂದು ಅಳಿಸಿಹಾಕುತ್ತವೆ. ಆಮೇಲೆ ಇನ್‌ಫ್ರಾರೆಡ್‌ನಲ್ಲಿ ಅಳೆದಾಗ ಹಿಮೋಗ್ಲೋಬಿನ್ ಹಿಡಿದ ಆಕ್ಸಿಜನ್ನಿನ ಕಂಪನ (ಒಂದು ಸೆಂಟಿಮೀಟರಿಗೆ ಎಷ್ಟು ಅಲೆ ಅನ್ನೋ ಲೆಕ್ಕದಲ್ಲಿ) 1107ರ ಹತ್ತಿರ ಸಿಕ್ಕಿತು. ಗಾಳಿಯಲ್ಲಿರೋ ಆಕ್ಸಿಜನ್ನಿಗೆ ಅದು 1556. ಸೂಪರಾಕ್ಸೈಡ್‌ಗೆ 1100ರಿಂದ 1150ರ ಆಸುಪಾಸು. ಈ ಅಂಕಿ ನೋಡಿದ ಮೇಲೆ ನನ್ನ ಒಲವು ವೈಸ್ ಕಡೆಗೆ. ನಿಜವಾದ ಬಂಧದಲ್ಲಿ ಎರಡೂ ಚಿತ್ರಗಳ ಅಂಶ ಇದೆ, ಆದರೆ ವೈಸ್ ಪಾಲು ಜಾಸ್ತಿ.

ಹಾಗಾದರೆ ನಿನ್ನ ಪುಸ್ತಕದಲ್ಲಿರೋದು ತಪ್ಪಾ? ಪೂರ್ತಿ ಅಲ್ಲ. ಆಕ್ಸಿಜನ್ ಬಿಟ್ಟು ಹೋಗುವಾಗ ಎಲೆಕ್ಟ್ರಾನ್ ವಾಪಸ್ ಕೊಟ್ಟೇ ಹೋಗುತ್ತೆ, ಕಬ್ಬಿಣ ಮತ್ತೆ ಫೆರಸ್ ಆಗುತ್ತೆ. ಕೆಲವು ಸಲ ಕೊಡದೆ ಹೋಗುತ್ತೆ. ಆಗ ಉಳಿಯೋದು ಮೆಟ್‌ಹಿಮೋಗ್ಲೋಬಿನ್, ಚಾಕೊಲೇಟ್ ಬಣ್ಣದ್ದು, ಆಕ್ಸಿಜನ್ ಹಿಡಿಯಲಾರದು. ದಿನಕ್ಕೆ ಶೇಕಡಾ 1ರಿಂದ 3ರಷ್ಟು ಹಿಮೋಗ್ಲೋಬಿನ್ ಹೀಗೆ ಕೆಡುತ್ತೆ. ಕೆಂಪು ಕಣದೊಳಗಿನ ಕಿಣ್ವ ಅದನ್ನು ಆಗಿಂದಾಗ್ಗೆ ಸರಿಮಾಡುತ್ತಲೇ ಇರುತ್ತೆ.

ಕೊನೆಗೆ ತುಕ್ಕು. ಬರೀ ಹೀಮ್ ಅನ್ನು ದ್ರಾವಣದಲ್ಲಿ ಬಿಟ್ಟು ಆಕ್ಸಿಜನ್ ಕೊಟ್ಟರೆ ನಿಜಕ್ಕೂ ಕೆಡುತ್ತೆ. ಎರಡು ಹೀಮ್‌ಗಳು ಒಂದು ಆಕ್ಸಿಜನ್ ಅಣುವನ್ನು ಎರಡೂ ಕಡೆಯಿಂದ ಹಿಡಿಯುತ್ತವೆ, ಅದು ಮುರಿದು ಕೊನೆಗೆ ಕಬ್ಬಿಣ-ಆಕ್ಸಿಜನ್-ಕಬ್ಬಿಣ ಅನ್ನೋ ಸೇತುವೆ ಉಳಿಯುತ್ತೆ. ಮತ್ತೆ ಬಿಡೋದಿಲ್ಲ. ರಕ್ತದಲ್ಲಿ ಪ್ರೋಟೀನ್ ಪ್ರತಿ ಹೀಮ್ ಅನ್ನೂ ಸುತ್ತುಗಟ್ಟಿ ಕಾಯುತ್ತೆ, ಎರಡು ಹೀಮ್ ಎದುರಾಗೋಕೆ ಬಿಡಲ್ಲ. 1970ರ ದಶಕದಲ್ಲಿ ಜೇಮ್ಸ್ ಕಾಲ್‌ಮನ್ ತಂಡ ಉಂಗುರದ ಒಂದು ಮಗ್ಗುಲಿಗೆ ನಾಲ್ಕು ಗೂಟ ನೆಟ್ಟ ಹಾಗೆ ಗುಂಪುಗಳನ್ನು ಜೋಡಿಸಿ, ಪ್ರೋಟೀನ್ ಇಲ್ಲದೆಯೂ ಆಕ್ಸಿಜನ್ ಹಿಡಿದು ಬಿಡುವ ಕಬ್ಬಿಣದ ಪಾರ್ಫಿರಿನ್ ಮಾಡಿ ತೋರಿಸಿತು. ಡಿಗ್ರಿಗೆ ಬಂದಾಗ ಅದನ್ನು ಖಂಡಿತ ಓದು.

ಶೇಂಗಾ ಗಿಡ ಕಿತ್ತು ಬೇರಿನ ಗಂಟು ಒಡೆದರೆ ಒಳಗೆ ರಕ್ತದ ಹಾಗೆ ಕೆಂಪು. ಗಿಡದಲ್ಲಿ ರಕ್ತ ಎಲ್ಲಿಂದ ಬಂತು? ರೋಗವಾ?
*ರೈತರು, ಚಳ್ಳಕೆರೆ*

ರೋಗ ಅಲ್ಲಣ್ಣ, ಒಳ್ಳೆಯ ಲಕ್ಷಣ. ಅದು ಲೆಗ್‌ಹಿಮೋಗ್ಲೋಬಿನ್. ಅದೇ ಉಂಗುರ, ಅದೇ ಕಬ್ಬಿಣ, ಕೆಳಗೆ ಅದೇ ಹಿಸ್ಟಿಡಿನ್. ಅದಕ್ಕೇ ಅದೇ ಕೆಂಪು. 1939ರಲ್ಲಿ ಜಪಾನಿನ ಹಿಡಿಯೊ ಕುಬೊ ಇದನ್ನು ಗುರುತಿಸಿದರು.

ಗಂಟಿನೊಳಗಿನ ರೈಜೋಬಿಯಂ ಅನ್ನೋ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಗೊಬ್ಬರ ಮಾಡಿಕೊಡುತ್ತೆ. ಆ ಕೆಲಸ ಮಾಡುವ ಕಿಣ್ವಕ್ಕೆ ಆಕ್ಸಿಜನ್ ತಾಗಿದರೆ ಹಾಳು. ಆದರೆ ಬ್ಯಾಕ್ಟೀರಿಯಾ ಉಸಿರಾಡೋಕೆ ಆಕ್ಸಿಜನ್ ಬೇಕೇ ಬೇಕು. ಲೆಗ್‌ಹಿಮೋಗ್ಲೋಬಿನ್ ಆಕ್ಸಿಜನನ್ನು ಗಟ್ಟಿಯಾಗಿ ಹಿಡಿದುಕೊಂಡು ಬ್ಯಾಕ್ಟೀರಿಯಾಕ್ಕೆ ಮಾತ್ರ ಮುಟ್ಟಿಸುತ್ತೆ. ಹೂ ಬಿಡುವ ಹೊತ್ತಿಗೆ ಒಂದೆರಡು ಗಿಡ ಕಿತ್ತು ಗಂಟು ಉಗುರಲ್ಲಿ ಸೀಳಿ ನೋಡಿ. ಕೆಂಪು ಇದ್ದರೆ ಕೆಲಸ ನಡೀತಿದೆ. ಬೆಳ್ಳಗಿದ್ದರೆ ನಡೀತಿಲ್ಲ, ಮುಂದಿನ ಸಲ ಬೀಜಕ್ಕೆ ರೈಜೋಬಿಯಂ ಹಚ್ಚಿ ಬಿತ್ತಿ. ಹಸಿರಾಗಿದ್ದರೆ ಗಂಟಿಗೆ ವಯಸ್ಸಾಯಿತು, ಉಂಗುರ ಒಡೆದಿದೆ ಅಂತ. ನಮಗೆ ಪೆಟ್ಟು ಬಿದ್ದ ಜಾಗ ನಾಲ್ಕು ದಿನಕ್ಕೆ ಹಸಿರಾಗೋದೂ ಹೀಮ್ ಉಂಗುರ ಒಡೆದೇ.

ಪಕ್ಕದ ಮನೆಯವರು ಗ್ಯಾಸ್ ಗೀಸರ್ ಹಾಕಿಕೊಂಡು ಸ್ನಾನಕ್ಕೆ ಹೋದವರು ಬಚ್ಚಲಲ್ಲೇ ಬಿದ್ದರು. ಬೆರಳಿಗೆ ಆಕ್ಸಿಮೀಟರ್ ಹಾಕಿದರೆ 98 ತೋರಿಸಿತು. ಆಸ್ಪತ್ರೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಂದರು. ಯಂತ್ರ ಸುಳ್ಳು ಹೇಳುತ್ತಾ?
*ಗೃಹಿಣಿ, ಬೆಂಗಳೂರು*

ಈ ಪತ್ರ ಓದಿ ತುಂಬ ಹೊತ್ತು ಮನಸ್ಸು ಸರಿ ಇರಲಿಲ್ಲ. ಎಲ್ಲರೂ ಇದನ್ನು ತಿಳಿದಿರಲೇಬೇಕು.

ಆಕ್ಸಿಮೀಟರ್ ರಕ್ತದ ಬಣ್ಣ ನೋಡುತ್ತೆ, ಅಷ್ಟೇ. 660 ನ್ಯಾನೊಮೀಟರಿನ ಕೆಂಪು ಬೆಳಕು, 940ರ ಇನ್‌ಫ್ರಾರೆಡ್. ಆಕ್ಸಿಜನ್ ಇಲ್ಲದ ಹಿಮೋಗ್ಲೋಬಿನ್ ಕೆಂಪು ಬೆಳಕನ್ನು ಜಾಸ್ತಿ ಹೀರುತ್ತೆ. ಆಕ್ಸಿಜನ್ ಇರೋದು ಕಡಿಮೆ ಹೀರುತ್ತೆ. ಕಾರ್ಬನ್ ಮೊನಾಕ್ಸೈಡ್ ಕೂಡ ಕಬ್ಬಿಣದ ಅದೇ ಮೇಲಿನ ಜಾಗದಲ್ಲಿ ಕೂರುತ್ತೆ, ಕಬ್ಬಿಣವನ್ನು ಲೋ ಸ್ಪಿನ್ ಮಾಡುತ್ತೆ, ರಕ್ತಕ್ಕೆ ಚೆರ್ರಿ ಕೆಂಪು ಬರುತ್ತೆ. 660ರಲ್ಲಿ ಅದೂ ಬಹಳ ಕಡಿಮೆ ಹೀರುತ್ತೆ. ಹಾಗಾಗಿ ಯಂತ್ರಕ್ಕೆ ಅದು ಆಕ್ಸಿಜನ್ ಹಿಡಿದ ರಕ್ತದ ಹಾಗೇ ಕಾಣುತ್ತೆ. ಹಿಮೋಗ್ಲೋಬಿನ್ ಈ ವಿಷಾನಿಲವನ್ನು ಆಕ್ಸಿಜನ್ನಿಗಿಂತ 200 ಪಟ್ಟಿಗೂ ಜಾಸ್ತಿ ಬಲವಾಗಿ ಹಿಡಿಯುತ್ತೆ. ಪ್ರೋಟೀನ್ ಇಲ್ಲದ ಬರೀ ಹೀಮ್‌ಗೆ ಇದು ಸಾವಿರಾರು ಪಟ್ಟು. ಪ್ರೋಟೀನ್ ಆಕ್ಸಿಜನ್ ಪರವಾಗಿ ನಿಂತು ಅಷ್ಟರಮಟ್ಟಿಗೆ ಇಳಿಸಿದೆ, ಆದರೂ ಬಾಗಿಲು ಮುಚ್ಚಿದ ಬಚ್ಚಲಲ್ಲಿ ಅದು ಸಾಲದು.

ಹೀಗಾದರೆ ಆಕ್ಸಿಮೀಟರ್ ನಂಬಬೇಡಿ. ಗೀಸರ್ ಆರಿಸಿ, ಮನುಷ್ಯರನ್ನು ಹೊರಗಿನ ಗಾಳಿಗೆ ತನ್ನಿ, ತಕ್ಷಣ ಆಸ್ಪತ್ರೆಗೆ ಸಾಗಿಸಿ. ಗ್ಯಾಸ್ ಗೀಸರ್ ವಿಷಯ ಅಂತ ಅಲ್ಲಿ ಮೊದಲೇ ಹೇಳಿ. ಸಾಮಾನ್ಯ ಗಾಳಿಯಲ್ಲಿ ರಕ್ತದ ಈ ಅನಿಲ ಅರ್ಧಕ್ಕೆ ಇಳಿಯೋಕೆ ನಾಲ್ಕೈದು ಗಂಟೆ ಬೇಕು. ಶುದ್ಧ ಆಕ್ಸಿಜನ್ ಕೊಟ್ಟರೆ ಒಂದು, ಒಂದೂವರೆ ಗಂಟೆ ಸಾಕು. ಗೀಸರ್ ಸಿಲಿಂಡರ್ ಜೊತೆಗೇ ಬಚ್ಚಲಿನ ಹೊರಗೆ, ಗಾಳಿ ಆಡೋ ಕಡೆ ಇರಲಿ.

ಹೈಸ್ಕೂಲ್ ಮಕ್ಕಳಿಗೆ ಪಾರ್ಫಿರಿನ್ ಕಣ್ಣಾರೆ ತೋರಿಸೋಕೆ ಏನಾದರೂ ಇದೆಯಾ? ನಮ್ಮ ಲ್ಯಾಬಿನಲ್ಲಿ ಹೆಚ್ಚೇನೂ ಇಲ್ಲ.
*ವಿಜ್ಞಾನ ಶಿಕ್ಷಕರು, ಸಿಂಧನೂರು*

ಇದೆ. ಕಂದು ಬಣ್ಣದ ಕೋಳಿಮೊಟ್ಟೆ ಒಂದು, ಖೋಟಾ ನೋಟು ಪತ್ತೆಹಚ್ಚೋಕೆ ಅಂಗಡಿಯವರು ಇಟ್ಟುಕೊಳ್ಳುವ ಯುವಿ ಟಾರ್ಚ್ ಒಂದು. ಮೊಟ್ಟೆಯ ಆ ಕಂದು ಬಣ್ಣ ಮುಖ್ಯವಾಗಿ ಪ್ರೋಟೋಪಾರ್ಫಿರಿನ್. ನಮ್ಮ ಹೀಮ್‌ನ ಉಂಗುರವೇ, ನಡುವೆ ಕಬ್ಬಿಣ ಮಾತ್ರ ಇಲ್ಲ. ಕೋಣೆ ಕತ್ತಲು ಮಾಡಿ ಟಾರ್ಚ್ ಬಿಟ್ಟರೆ ಚಿಪ್ಪು ಕೆಂಪಗೆ ಹೊಳೆಯುತ್ತೆ. ಪೂರ್ತಿ ಬಿಳಿ ಮೊಟ್ಟೆಯನ್ನೂ ಪಕ್ಕದಲ್ಲಿಡಿ, ವ್ಯತ್ಯಾಸ ಮಕ್ಕಳೇ ಹೇಳುತ್ತಾರೆ.

ಆಮೇಲೆ ಕೇಳಿ: ಅದೇ ಉಂಗುರ ಇರೋ ರಕ್ತ ಯಾಕೆ ಹೊಳೆಯಲ್ಲ? ಬೆಳಕು ಹೀರಿದ ಉಂಗುರ ಆ ಶಕ್ತಿಯನ್ನು ಕೆಂಪು ಬೆಳಕಾಗಿ ಹೊರಗೆ ಬಿಡಬೇಕು. ನಡುವೆ ಕಬ್ಬಿಣ ಇದ್ದರೆ ಅದರ ಡಿ ಎಲೆಕ್ಟ್ರಾನ್‌ಗಳು ಅಷ್ಟರೊಳಗೆ ಶಕ್ತಿಯನ್ನು ಕಸಿದುಕೊಂಡು ಬಿಸಿಯಾಗಿ ಕಳೆದುಬಿಡುತ್ತವೆ. ನಾವು ಸಂಶೋಧನೆ ಮಾಡುವಾಗ ಇದನ್ನೇ ಗುರುತಾಗಿ ಬಳಸುತ್ತಿದ್ದೆವು. ಪೈರೋಲ್ ಮತ್ತು ಬೆಂಜಾಲ್ಡಿಹೈಡ್ ಅನ್ನು ಪ್ರೊಪಿಯಾನಿಕ್ ಆಮ್ಲದಲ್ಲಿ ಅರ್ಧ ಗಂಟೆ ಕುದಿಸಿ ಆರಿಸಿದರೆ ಕಪ್ಪು ಡಾಂಬರಿನಂಥ ದ್ರಾವಣದಿಂದ ಕಬ್ಬಿಣ ಇಲ್ಲದ ಪಾರ್ಫಿರಿನ್ನಿನ ನೇರಳೆ ಹರಳುಗಳು ಇಳಿಯುತ್ತವೆ. ಮೆಥನಾಲ್‌ನಲ್ಲಿ ತೊಳೆದಾಗ ಫಿಲ್ಟರ್ ಕಾಗದದ ಮೇಲೆ ಮಿಣಮಿಣ ಅನ್ನುತ್ತವೆ. ಆಮ್ಲದ ಆ ಹುಳಿ ನಾತ ಮಾತ್ರ ಸೀರೆಯಿಂದ ಎರಡು ದಿನ ಹೋಗುತ್ತಿರಲಿಲ್ಲ. ಆ ಹರಳಿಗೆ ಫೆರಸ್ ಕ್ಲೋರೈಡ್ ಹಾಕಿ ಕುದಿಸುತ್ತಾ, ನಡುನಡುವೆ ಒಂದು ಹನಿ ತೆಗೆದು ಯುವಿ ದೀಪದ ಕೆಳಗೆ ಹಿಡಿಯೋದು. ಹೊಳಪು ಪೂರ್ತಿ ಆರಿದರೆ ಕಬ್ಬಿಣ ಒಳಗೆ ಹೋಯಿತು ಅಂತ ಅರ್ಥ.

ಶಾಲೆಯಲ್ಲಿ ಇದನ್ನೆಲ್ಲ ಮಾಡೋಕೆ ಹೋಗಬೇಡಿ, ಮೊಟ್ಟೆ ಸಾಕು. ಚಿಪ್ಪು ಹೊಸದಾಗಿರಲಿ, ಬಿಸಿಲಲ್ಲಿ ಇಟ್ಟ ಚಿಪ್ಪಿನ ಹೊಳಪು ಕಡಿಮೆ ಆಗುತ್ತೆ. ಟಾರ್ಚನ್ನು ನೀವೇ ಹಿಡಿಯಿರಿ, ಯಾವ ಮಗುವಿನ ಕಣ್ಣಿಗೂ ಬಿಡಬೇಡಿ.