ಡಿಗ್ರಿ 3ಕ್ಕೆ ಡಿಗ್ರಿ 3 ಕೂಡಿದರೆ ಡಿಗ್ರಿ 1 ಬರುತ್ತಾ?

ಪ್ರಶ್ನೆ: ಮಗಳು ಒಂಬತ್ತನೇ ತರಗತಿ. 2ಎಕ್ಸ್³ + 5ಎಕ್ಸ್² − ಎಕ್ಸ್ + 4 ಮತ್ತು −2ಎಕ್ಸ್³ − 5ಎಕ್ಸ್² + 3ಎಕ್ಸ್ + 1, ಈ ಎರಡು ಬಹುಪದೋಕ್ತಿಗಳನ್ನು ಕೂಡಿ 2ಎಕ್ಸ್ + 5 ಅಂತ ಬರೆದಿದ್ದಾಳೆ. ಎರಡರ ಡಿಗ್ರಿಯೂ (ಎಕ್ಸ್‌ನ ಅತಿ ದೊಡ್ಡ ಘಾತ) 3. ಕೂಡಿದರೆ 6 ಆಗಬೇಕಲ್ವಾ? 1 ಹೇಗೆ ಬಂತು?
– ಒಬ್ಬ ತಂದೆ, ಸಕಲೇಶಪುರ

ಉತ್ತರ: ಮಗಳ ಲೆಕ್ಕ ಸರಿಯಾಗಿದೆ ಸರ್. 6 ಬರುವುದು ಗುಣಿಸಿದಾಗ. ಕೂಡುವಾಗ ಘಾತಸೂಚಿಯನ್ನು, ಅಂದರೆ ಎಕ್ಸ್ ತಲೆ ಮೇಲಿನ ಪುಟ್ಟ ಸಂಖ್ಯೆಯನ್ನು, ಮುಟ್ಟುವಂತೆಯೇ ಇಲ್ಲ. ಸಹಗುಣಕಗಳನ್ನಷ್ಟೇ (ಎಕ್ಸ್‌ಗೆ ಗುಣಿಸಿರುವ ಸಂಖ್ಯೆಗಳು) ಕೂಡಬೇಕು, ಅದೂ ಸಜಾತಿ ಪದಗಳದ್ದು, ಅಂದರೆ ಎಕ್ಸ್‌ನ ಘಾತ ಒಂದೇ ಇರುವ ಪದಗಳದ್ದು ಮಾತ್ರ.

ನಿಮ್ಮ ಕಡೆಯ ಕಾಫಿ ಕಣವನ್ನೇ ತೆಗೆದುಕೊಳ್ಳಿ. ಪ್ರತಿ ಬದಿಯೂ ಎಕ್ಸ್ ಅಡಿ ಇರುವ ಎರಡು ಚೌಕ ಕಣಗಳಿವೆ. ಒಂದೊಂದು ಎಕ್ಸ್² ಚದರ ಅಡಿ, ಒಟ್ಟು 2ಎಕ್ಸ್². ಜಾಗ ಜಾಸ್ತಿಯಾಯಿತು, ಘಾತ 2 ಹಾಗೇ ಇದೆ. ಒಂದು ಬದಿಗೆ ಒಂದಡಿ ಅಗಲದ ಪಟ್ಟಿ ಸೇರಿಸಿದರೆ 2ಎಕ್ಸ್² + ಎಕ್ಸ್. ಅಲ್ಲಿಗೆ ನಿಲ್ಲಿಸಬೇಕು. ಇದನ್ನು 3ಎಕ್ಸ್³ ಮಾಡಿಬಿಡುವ ಮಕ್ಕಳು ಬಹಳ. ಎಕ್ಸ್ 10 ಅಂತ ಇಟ್ಟು ನೋಡಿ: ಜಾಗ ಇರುವುದು 210 ಚದರ ಅಡಿ, 3ಎಕ್ಸ್³ ಪ್ರಕಾರ 3000!

ಡಿಗ್ರಿ ಅಂದರೆ ಸೊನ್ನೆಯಾಗದೆ ಉಳಿದ ಪದಗಳಲ್ಲಿ ಎಲ್ಲಕ್ಕಿಂತ ದೊಡ್ಡ ಘಾತ. ನಿಮ್ಮ ಲೆಕ್ಕದಲ್ಲಿ 2 ಮತ್ತು −2 ಸೇರಿ ಎಕ್ಸ್³ ಹೋಯಿತು. 5 ಮತ್ತು −5 ಸೇರಿ ಎಕ್ಸ್² ಕೂಡ ಹೋಯಿತು. ಉಳಿದದ್ದು 2ಎಕ್ಸ್ + 5, ಡಿಗ್ರಿ 1. ಎರಡರ ಡಿಗ್ರಿ ಬೇರೆ ಬೇರೆ ಇದ್ದರೆ ಮೊತ್ತಕ್ಕೆ ದೊಡ್ಡದೇ ಬರುತ್ತದೆ. ಒಂದೇ ಆಗಿದ್ದರೆ ಅಷ್ಟೇ ಇರಬಹುದು ಅಥವಾ ಇಳಿಯಬಹುದು, ಏರುವುದಂತೂ ಇಲ್ಲ. ಎಲ್ಲಾ ಪದಗಳೂ ಹೊಡೆದುಹೋಗಿ ಬರೀ 0 ಉಳಿದರೆ? ಆಗ ಡಿಗ್ರಿ 0 ಅಂತ ಬರೆಯಬಾರದು. 5ರಂತಹ ಸ್ಥಿರ ಸಂಖ್ಯೆಗೆ ಡಿಗ್ರಿ 0, ಸೊನ್ನೆಗೆ ಮಾತ್ರ ಡಿಗ್ರಿ ಹೇಳುವುದಿಲ್ಲ. ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆಗೆ ಹೇಳಿಮಾಡಿಸಿದ ವಿಷಯ ಇದು.

ಉತ್ತರ ತಾಳೆ ನೋಡುವಾಗ ಮಕ್ಕಳು ಸುಲಭ ಅಂತ ಎಕ್ಸ್ 1 ಇಡುತ್ತಾರೆ. ಬೇಡ. 1ರ ಯಾವ ಘಾತವೂ 1 ಆಗುವುದರಿಂದ ಘಾತದ ತಪ್ಪು ಸಿಗುವುದಿಲ್ಲ. 2ಎಕ್ಸ್ ಬದಲು ಸುಮ್ನೆ 2ಎಕ್ಸ್² ಅಂತ ಬರೆದಿದ್ದರೂ ಅಲ್ಲಿ 7 ಬರುತ್ತದೆ. 2 ಇಡಿ. ಮೊದಲನೆಯದು 38, ಎರಡನೆಯದು −29, ಕೂಡಿದರೆ 9. ಮಗಳ 2ಎಕ್ಸ್ + 5 ಕೂಡ 9.